ಪ್ರತೀಕಾರವಿಲ್ಲದ ರೋಗ ಯಾವುದು?

ಅನ್ನನೀರು ಬಿಟ್ಟು ದೇಹ ತ್ಯಜಿಸುವ ಸಲ್ಲೇಖನ ವ್ರತವನ್ನು ಯಾವಾಗ ಕೈಗೊಳ್ಳಬಹುದು ಎಂಬುದಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ಸಂದರ್ಭಗಳನ್ನು ಹೇಳುತ್ತಾರೆ: ಉಪಸರ್ಗ (ಬಂದೆರಗುವ ಆಪತ್ತು), ದುರ್ಭಿಕ್ಷ, ಮುಪ್ಪು, ರೋಗ. ಜೊತೆಗೆ ಒಂದು ಷರತ್ತು. ಬಂದದ್ದಕ್ಕೆ ಪ್ರತೀಕಾರ, ಅಂದರೆ ಪರಿಹಾರ, ಇರಬಾರದು. ನಮ್ಮ ಕರಾವಳಿಯ ಬಸದಿಗಳಲ್ಲಿ ಈ ಶ್ಲೋಕ ಕಿವಿಗೆ ಬೀಳದ ಶ್ರಾವಕರು ಕಡಿಮೆ. ಪ್ರವಚನ ಮಾಡುವವರು ನಾಲ್ಕು ಸಂದರ್ಭಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ, ಷರತ್ತನ್ನು ಮಾತ್ರ ಒಂದೇ ಉಸಿರಿಗೆ ದಾಟಿಬಿಡುತ್ತಾರೆ. ಕನ್ನಡ ಪಾಠ ಹೇಳಿ ನಿವೃತ್ತಳಾದ ನಾನೂ ಅದನ್ನು ಹಾಗೆಯೇ ಓದಿಕೊಂಡು ಬಂದವಳು. ದೊಡ್ಡಮ್ಮನ ಹೃದಯ ಸೋತ ವರ್ಷ ಆ ಷರತ್ತು ನಮ್ಮ ಮನೆಯ ಜಗಲಿಗೇ ಬಂದು ಕೂತಿತು.

ದೊಡ್ಡಮ್ಮನಿಗೆ ಆಗ 76. ಅಷ್ಟಮಿ, ಚತುರ್ದಶಿಗೆ ಉಪವಾಸ. ಸೂರ್ಯ ಮುಳುಗಿದ ಮೇಲೆ ನೀರೂ ಇಲ್ಲ. ಗಡ್ಡೆ ಗೆಣಸು ಬಿಟ್ಟು ಎಷ್ಟೋ ಕಾಲವಾಗಿದೆ. ಇಂಥವರು ತೆಳ್ಳಗಾದರೆ ಯಾರಿಗೆ ಸಂಶಯ ಬರುತ್ತದೆ? ರವಿಕೆ ಸಡಿಲವಾಯಿತು, ವ್ರತ ಎಂದೆವು. ಜಪಸರ ಹಿಡಿದ ಬೆರಳು ನಡುಗಿತು, ವಯಸ್ಸು ಎಂದೆವು. ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದಾಗ, ಒಳ್ಳೆಯದೇ ಆಯಿತು, ಜಪಕ್ಕೆ ಸಮಯ ಸಿಕ್ಕಿತು ಎಂದು ಸಂತೋಷಪಟ್ಟವರೂ ನಮ್ಮ ನೆಂಟರಲ್ಲಿದ್ದಾರೆ. ಆಮೇಲೆ ಬಸದಿಯ ಮೆಟ್ಟಿಲಿಗೆ ಏದುಸಿರು ಬಂತು. ಪಾದಕ್ಕೆ ನೀರಿಳಿಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯಿಡೀ ಗೋಡೆಗೆ ದಿಂಬಿಟ್ಟು ಒರಗಿ ಕೂರತೊಡಗಿದರು. ಎಕೋ ಮಾಡಿಸಿದಾಗ ಇಜೆಕ್ಷನ್ ಫ್ರ್ಯಾಕ್ಷನ್ ಶೇ. 25 ಎಂದು ಬಂತು. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದೊಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲಿ 55ರ ಮೇಲಿರುತ್ತದೆ. ಹೃದಯದ ಗೋಡೆ ಹಿಗ್ಗಿ ತೆಳುವಾಗಿದೆ, ಸ್ನಾಯುವಿನ ರೋಗ, ವಯಸ್ಸೂ ಆಯಿತಲ್ಲ ಎಂದು ಅಲ್ಲಿಯ ವೈದ್ಯರು ನೀರು ಹೋಗುವ ಮಾತ್ರೆ ಬರೆದುಕೊಟ್ಟರು.

ದೊಡ್ಡಮ್ಮ ಅಳಲಿಲ್ಲ. ಊರಿಗೆ ವಿಹಾರಕ್ಕೆ ಬಂದಿದ್ದ ಮುನಿಗಳೊಬ್ಬರ ಬಳಿ ಹೋಗಿ ಸಲ್ಲೇಖನ ಕೇಳಿದರು. ಅವರು ಕೂಡಲೇ ಒಪ್ಪಲೂ ಇಲ್ಲ, ತತ್ತ್ವ ಹೇಳಲೂ ಇಲ್ಲ. ‘ಇದಕ್ಕೆ ಔಷಧವಿಲ್ಲ ಎಂದು ಯಾರು ಹೇಳಿದರು?’ ಎಂದು ಕೇಳಿದರು. ಅದು ದೊಡ್ಡಮ್ಮನಿಗೆ ಇನ್ನೊಬ್ಬ ವೈದ್ಯರಿಂದ ಬರೆಸಿಕೊಂಡು ಬನ್ನಿ ಎಂದಂತೆ ಕೇಳಿಸಿತು. ಹಾಗಾಗಿ ನಾವು ಮಂಗಳೂರಿಗೆ ಹೋದದ್ದು ವಾಸಿ ಮಾಡಿಸಿಕೊಳ್ಳಲಿಕ್ಕಲ್ಲ, ವಾಸಿಯಾಗುವುದಿಲ್ಲ ಎಂದು ಹೇಳಿಸಿಕೊಳ್ಳಲಿಕ್ಕೆ.

ಅಲ್ಲಿದ್ದವಳು ಇನ್ನೂ ಚಿಕ್ಕ ಪ್ರಾಯದ ಡಾಕ್ಟರು. ಎಕೋ ಚೀಟಿ ಬದಿಗಿಟ್ಟು ದೊಡ್ಡಮ್ಮನ ಕೈ ಹಿಡಿದು ಬಹಳ ಹೊತ್ತು ನಾಡಿ ನೋಡಿದಳು. ‘ಸೆಕೆ ತಡೆಯಲಿಕ್ಕೆ ಆಗುವುದಿಲ್ಲವಾ ಅಮ್ಮಾ?’ ಎಂದು ಕೇಳಿದಳು. ಮಂಗಳೂರಿನಲ್ಲಿ, ಮೇ ತಿಂಗಳಲ್ಲಿ! ನನಗೆ ನಗು ಬಂತು. ಅವಳು ನಗಲಿಲ್ಲ. ಡಿಸೆಂಬರಿನಲ್ಲಿ ಹೊದಿಕೆ ಹೊದ್ದಿದ್ದರಾ, ಊಟ ಎಂದಿನಷ್ಟೇ ಮಾಡಿಯೂ ತೂಕ ಇಳಿಯಿತಾ ಎಂದೆಲ್ಲ ವಿಚಾರಿಸಿದಳು. ನಾಡಿ ನಿಮಿಷಕ್ಕೆ 140ರ ಆಸುಪಾಸು, ಅದೂ ತಾಳ ತಪ್ಪಿ ಓಡುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಲ್ಲವೆನ್ನುವಷ್ಟು ಕಡಿಮೆ, ಥೈರಾಯ್ಡ್ ಹಾರ್ಮೋನು ವಿಪರೀತ ಜಾಸ್ತಿ. ಎಳೆಯರಲ್ಲಿ ಈ ಕಾಯಿಲೆ ಕಣ್ಣು ಉಬ್ಬಿಸಿ, ಗಂಟಲು ಊದಿಸಿ, ಚಡಪಡಿಕೆ ಹತ್ತಿಸಿ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಮುದುಕರಲ್ಲಿ ಅನೇಕ ಸಲ ಬರಿಯ ಕೃಶತೆ, ಸುಸ್ತು, ಕೆಟ್ಟ ನಾಡಿ, ಅಷ್ಟೇ. ನಮ್ಮ ಮನೆಯಲ್ಲಂತೂ ವ್ರತದ ನೆರಳಿನಲ್ಲಿ ಸೊಗಸಾಗಿ ಅಡಗಿಕೊಂಡಿತ್ತು.

ಆ ಹುಡುಗಿ ವಿವರಿಸಿದ್ದು ಇಷ್ಟು. ಹಾರ್ಮೋನು ಹೆಚ್ಚಾಗಿ ಹೃದಯದ ಮೇಲಿನ ಕೋಣೆಗಳು ಕಂಪಿಸುತ್ತವೆ, ಕೆಳಗಿನ ಕೋಣೆಗಳು ಗತಿಯಿಲ್ಲದೆ ಅವುಗಳ ಹಿಂದೆ ಓಡುತ್ತವೆ. ಎರಡು ಬಡಿತಗಳ ನಡುವೆ ತುಂಬಿಕೊಳ್ಳಲು, ವಿರಮಿಸಲು ಹೃದಯಕ್ಕೆ ಬಿಡುವಿಲ್ಲ. ತಿಂಗಳುಗಟ್ಟಲೆ ಹೀಗಾದರೆ ಸ್ನಾಯುವಿನ ಕೋಶಗಳೊಳಗೆ ಕ್ಯಾಲ್ಸಿಯಂ ಓಡಾಟ ಹದ ತಪ್ಪುತ್ತದೆ, ಶಕ್ತಿಯ ದಾಸ್ತಾನು ಕರಗುತ್ತದೆ, ಗೋಡೆ ಹಿಗ್ಗುತ್ತದೆ. ಹೃದಯಾಘಾತದಲ್ಲಿ ಸ್ನಾಯು ಸತ್ತು ಕಲೆಗಟ್ಟುತ್ತದೆ, ಆ ಭಾಗ ಮರಳುವುದಿಲ್ಲ. ಇಲ್ಲಿ ಹೆಚ್ಚಿನ ಪಾಲು ಸ್ನಾಯು ಸತ್ತಿಲ್ಲ, ದಣಿದಿದೆ. ಕಾರಣ ತೆಗೆದರೆ ಚೇತರಿಸಿಕೊಳ್ಳಬಹುದು. ‘ಬರೆದುಕೊಡಿ ಎಂದಿರಲ್ಲ, ಬರೆಯುತ್ತೇನೆ. ಇದಕ್ಕೆ ಔಷಧ ಉಂಟು,’ ಎಂದಳು. ದೊಡ್ಡಮ್ಮನ ಮುಖದಲ್ಲಿ ಕಂಡದ್ದು ನಿರಾಸೆಯೇ ಎಂದು ನನ್ನ ಗುಮಾನಿ.

ಮನೆಗೆ ಬಂದ ಮೇಲೆ ನಿಜವಾದ ಚರ್ಚೆ ಶುರುವಾಯಿತು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ಅಸಾತಾ ವೇದನೀಯ, ಅಂದರೆ ನೋವುಣಿಸುವ ಕರ್ಮದ ಉದಯ, ಅನುಭವಿಸಿಯೇ ತೀರಬೇಕು. ಆ ಮಾತಿನಲ್ಲಿ ಕೆಡುಕಿಲ್ಲ, ಸಮಾಧಾನ ಹೇಳಲಿಕ್ಕೆಂದೇ ಬಂದವರು. ಆದರೆ ‘ಉದಯ’ ಎಂದಲ್ಲಿಗೇ ಕರ್ಮಸಿದ್ಧಾಂತ ಮುಗಿಯುತ್ತದೆಯೇ? ಆ ಸಿದ್ಧಾಂತದ ಮೂಲಗ್ರಂಥಗಳಾದ ಧವಲಾದಿಗಳು ಶತಮಾನಗಳ ಕಾಲ ಉಳಿದುಕೊಂಡದ್ದು ನಮ್ಮ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅದರ ಸಾರವನ್ನು ಗೊಮ್ಮಟಸಾರದಲ್ಲಿ ಇಳಿಸಿದರು. 1359ರಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡದಲ್ಲೇ ವೃತ್ತಿ ಬರೆದ. ಇಷ್ಟೆಲ್ಲ ಮನೆಯಂಗಳದಲ್ಲೇ ಇಟ್ಟುಕೊಂಡು ನಾವು ಕರ್ಮ ಎಂದರೆ ಹಣೆಬರಹ ಎಂದು ಹೇಳಿಕೊಂಡು ತಿರುಗುತ್ತೇವೆ.

ಗೊಮ್ಮಟಸಾರದ ಕರ್ಮಕಾಂಡ ಕರ್ಮಕ್ಕೆ ಹತ್ತು ಕರಣಗಳನ್ನು ಹೇಳುತ್ತದೆ. ಬಂಧ, ಸತ್ತ್ವ, ಉದಯ ಎಲ್ಲರಿಗೂ ಗೊತ್ತಿರುವವು. ಅಪಕರ್ಷಣ ಎಂದರೆ ಕಟ್ಟಿಕೊಂಡ ಕರ್ಮದ ಅವಧಿಯೂ ತೀವ್ರತೆಯೂ ತಗ್ಗುವುದು. ಸಂಕ್ರಮಣ ಎಂದರೆ ಒಂದು ಉತ್ತರ ಪ್ರಕೃತಿ ತನ್ನ ಜಾತಿಯ ಇನ್ನೊಂದಾಗಿ ಮಾರ್ಪಡುವುದು. ನೋವಿನ ಅಸಾತಾ ಸುಖದ ಸಾತಾ ಆಗಬಲ್ಲದು. ಉದೀರಣೆ, ಉಪಶಮ ಬೇರೆ ಇವೆ. ಏನು ಮಾಡಿದರೂ ಅಲ್ಲಾಡದು ಎಂಬಂಥ ಬಂಧಕ್ಕೆ ನಿಕಾಚಿತ ಎಂಬ ಪ್ರತ್ಯೇಕ ಹೆಸರೇ ಇದೆ. ಎಲ್ಲ ಕರ್ಮವೂ ಅಲ್ಲಾಡದಂಥದ್ದಾಗಿದ್ದರೆ ಈ ಹೆಸರಿನ ಅಗತ್ಯವೇ ಇರುತ್ತಿರಲಿಲ್ಲ. ಇದಲ್ಲದೆ, ಕರ್ಮ ಫಲ ಕೊಡುವುದಕ್ಕೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನೆರವು ಬೇಕು ಎನ್ನುತ್ತದೆ ಶಾಸ್ತ್ರ. ಕುತ್ತಿಗೆಯ ಗ್ರಂಥಿಯೊಂದು ಮಿತಿಮೀರಿ ಸುರಿಸುವ ಹಾರ್ಮೋನು ದ್ರವ್ಯವಲ್ಲವೇ? ಅದನ್ನು ತಡೆಯುವುದು ಕರ್ಮದ ವಿರುದ್ಧ ದಂಗೆ ಏಳುವುದಾಗುತ್ತದೆಯೇ?

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ. ವೇದನೀಯ ಅಘಾತಿ ಕರ್ಮ. ಆತ್ಮದ ಜ್ಞಾನ, ದರ್ಶನಗಳನ್ನು ಅದು ಮುಟ್ಟುವುದಿಲ್ಲ. ಸರ್ವಜ್ಞರಾದ ಕೇವಲಿಗಳಿಗೂ ದೇಹವಿರುವ ತನಕ ಅದು ಉಳಿದೇ ಇರುತ್ತದೆ. ಹಾಗಿರುವಾಗ ರೋಗ ಬಂದದ್ದು ಆ ಜೀವದ ಯೋಗ್ಯತೆಯ ಮೇಲೆ ಬರೆದ ಷರಾ ಹೇಗಾದೀತು? ನಮ್ಮ ಬೀದಿಯಲ್ಲೇ ಕುಡಿದು ಹೃದಯ ಕೆಡಿಸಿಕೊಂಡವರೊಬ್ಬರಿದ್ದರು. ಊರು ಅವರಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದಿತು. ದೊಡ್ಡಮ್ಮನಿಗೆ ಹಿಂದಿನ ಭವದ ಕರ್ಮ ಎಂದಿತು. ಎಕೋ ಯಂತ್ರಕ್ಕೆ ಇಬ್ಬರ ಹೃದಯವೂ ಒಂದೇ ಥರ ಕಂಡಿರುತ್ತದೆ, ಹಿಗ್ಗಿದ ಸೋತ ಚೀಲ. ಮದ್ಯದಿಂದ ಕೆಟ್ಟ ಹೃದಯ ಮದ್ಯ ಪೂರ್ತಿ ಬಿಟ್ಟಾಗ ಬಹಳಷ್ಟು ಮಂದಿಯಲ್ಲಿ ಸುಧಾರಿಸುತ್ತದೆ. ಅವರು ಬಿಡುವಂತೆ ಮಾಡಲು ಊರಿನ ಬೈಗುಳ ನೆರವಾದದ್ದನ್ನು ನಾನು ಕಾಣೆ.

ಸರಿ, ಈಗ ಈ ಭವದಲ್ಲಿ ಏನನ್ನೂ ಮಾಡಿರದವರ ವಿಷಯಕ್ಕೆ ಬನ್ನಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಬರಿಯ ಎದೆಹಾಲು ಕುಡಿಯುವ ಕೂಸುಗಳ ಬಗ್ಗೆ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಬಲಗಡೆಯ ಹೃದಯ ಸೋತು, ಸಾಯುವ ಸ್ಥಿತಿಯಲ್ಲಿ ಬಂದ ಹಸುಗೂಸುಗಳು. ಹುಟ್ಟಿನಿಂದ ಬಂದ ಹೃದಯದೋಷ ಕಾಣಲಿಲ್ಲ. ತಾಯಂದಿರನ್ನು ವಿಚಾರಿಸಿದರೆ ಬಾಣಂತಿ ಪಥ್ಯ: ಪಾಲಿಶ್ ಮಾಡಿದ ಅಕ್ಕಿಯ ಬಿಳಿ ಅನ್ನ, ಬೇಳೆ ಕಾಳು ತರಕಾರಿಗೆ ನಿಷೇಧ. ಹಾಲಿನಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ತ್ವ ಸಾಲದು. ಥಯಾಮಿನ್ ಚುಚ್ಚುಮದ್ದು ಕೊಟ್ಟೊಡನೆ ಬಹುಪಾಲು ಕೂಸುಗಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಂಡವು. ಪ್ರೀತಿಯಿಂದ, ಶ್ರದ್ಧೆಯಿಂದ ಹಿಡಿದ ಪಥ್ಯವೇ ಕಾರಣ. ಇಲ್ಲಿ ಯಾರ ಕರ್ಮ ಎಂದು ಹುಡುಕಿಕೊಂಡು ಕೂರುವುದು ನನ್ನ ಪ್ರಕಾರ ಕ್ರೌರ್ಯ. (ನಮ್ಮ ಕಡೆಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ಬಿ1 ಕಾಳಿನೊಳಗೆ ಇಳಿದು ಉಳಿದುಕೊಳ್ಳುತ್ತದೆ. ಬೆಳ್ತಿಗೆ ಅನ್ನದ ಶೋಕಿ ಹತ್ತಿಸಿಕೊಂಡ ಹೊಸ ಮನೆಗಳಿಗೆ ಇದನ್ನು ಹೇಳಬೇಕು.)

ಇನ್ನು ಆ ಷರತ್ತಿಗೇ ಬರೋಣ. ಮದ್ದಿರುವ ರೋಗಕ್ಕೆ ಸಲ್ಲೇಖನ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಸಮಂತಭದ್ರರ ಜೀವನದಲ್ಲೇ ಒಂದು ಕಥೆಯಿದೆ. ಪ್ರಭಾಚಂದ್ರನ ಕಥಾಕೋಶದಲ್ಲೂ ನಮ್ಮ ದೇವಚಂದ್ರನ ರಾಜಾವಳೀ ಕಥೆಯಲ್ಲೂ ಬರುತ್ತದೆ. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ರೋಗ ಬಂತು. ಎಷ್ಟು ತಿಂದರೂ ಉರಿದುಹೋಗುವ ಹಸಿವು. ದಿನಕ್ಕೊಂದು ಹೊತ್ತು ಬೊಗಸೆಯಲ್ಲಿ ಉಣ್ಣುವ ಮುನಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ. ಅವರು ಸಲ್ಲೇಖನ ಕೇಳಿದರು. ಗುರುಗಳು ಕೊಡಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಶಮನ ಮಾಡಿಕೊ, ಆಮೇಲೆ ಮತ್ತೆ ದೀಕ್ಷೆ ತೆಗೆದುಕೊ ಎಂದರು. ಸಮಂತಭದ್ರರು ದೀಕ್ಷೆ ಬಿಟ್ಟರು. ಶಿವಾಲಯವೊಂದರಲ್ಲಿ ರಾಶಿರಾಶಿ ನೈವೇದ್ಯ ಉಂಡು ರೋಗ ಕಳೆದುಕೊಂಡರು. ಸಿಕ್ಕಿಬಿದ್ದಾಗ ಸ್ವಯಂಭೂ ಸ್ತೋತ್ರ ಹಾಡಿದರೆಂದೂ ಚಂದ್ರಪ್ರಭರ ಪ್ರತಿಮೆ ಪ್ರಕಟವಾಯಿತೆಂದೂ ಕಥೆ ಮುಂದುವರಿಯುತ್ತದೆ. ನಮ್ಮ ಸಾವಿರ ಕಂಬದ ಬಸದಿಯ ಚಂದ್ರನಾಥಸ್ವಾಮಿ ಅದೇ ತೀರ್ಥಂಕರರು, ಆದ್ದರಿಂದ ಇಲ್ಲಿ ಎಲ್ಲರಿಗೂ ಆ ಪವಾಡದ ಭಾಗವೇ ಪ್ರಿಯ. ನನಗೆ ಗುರುಗಳ ನಿರಾಕರಣೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ವ್ರತಕ್ಕಿಂತ ಮೇಲಾದ ವಸ್ತುವಿಲ್ಲ ಎನ್ನುವ ಪರಂಪರೆಯೊಂದು, ಪ್ರತೀಕಾರವಿರುವ ರೋಗಕ್ಕಾಗಿ ಮಹಾವ್ರತವನ್ನೇ ಬದಿಗಿಡಿಸಿತು. ಕಥೆಯ ಕಾಲದೇಶ ಏನೇ ಇರಲಿ, ಅದನ್ನು ಕಟ್ಟಿ ಕಾಪಾಡಿದವರಿಗೆ ಆ ಷರತ್ತಿನ ತೂಕ ಗೊತ್ತಿತ್ತು.

ದೊಡ್ಡಮ್ಮನಿಗೆ ಇದನ್ನು ಹೇಳಿದೆ. ಅವರು ಸುಲಭಕ್ಕೆ ಬಗ್ಗುವವರಲ್ಲ. ‘ರೋಗಕ್ಕೆ ಮದ್ದು ಉಂಟು, ಒಪ್ಪಿದೆ. ಮುಪ್ಪನ್ನು ಬೇರೆಯಾಗಿ ಹೇಳಿದ್ದಾರಲ್ಲ, ಅದಕ್ಕೆ ಯಾವ ಡಾಕ್ಟರತ್ರ ಹೋಗುತ್ತಿ?’ ಎಂದರು. ಒಳ್ಳೆಯ ಪ್ರಶ್ನೆ. ಮುಪ್ಪು ಯಾವುದು, ರೋಗ ಯಾವುದು ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ ಎಂಬುದೇ ನನಗೆ ಸಿಕ್ಕಿದ ಉತ್ತರ. ನಾವು ಮುಪ್ಪು ಎಂದುಕೊಂಡಿದ್ದ ನಡುಕ ಹಾರ್ಮೋನಿನದಾಗಿತ್ತು. ಮದ್ದು ಕೊಟ್ಟು ನೋಡಿದ ಮೇಲೆ ಉಳಿಯುವುದು ಮುಪ್ಪು.

ಮದ್ದು ಕೊಡುವುದೂ ಸಲೀಸಾಗಲಿಲ್ಲ. ಗ್ರಂಥಿಯನ್ನು ಹದಕ್ಕೆ ತರುವ ನಿಯೋಮರ್ಕಜೋಲ್, ನಾಡಿ ಇಳಿಸುವ ಬೀಟಾ ಬ್ಲಾಕರ್, ರಕ್ತ ಹೆಪ್ಪುಗಟ್ಟದಂತೆ ಒಂದು, ಹೃದಯದ ಭಾರ ಇಳಿಸಲು ಇನ್ನೆರಡು. ರಾತ್ರಿಯ ಮಾತ್ರೆಯನ್ನು ನೀರಿಲ್ಲದೆ ನುಂಗುವುದು ಹೇಗೆ? ಡಾಕ್ಟರು ಎರಡನೆಯ ಹೊತ್ತನ್ನು ಸಂಜೆ ಐದೂವರೆಗೆ ಎಳೆದಳು. ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಜನ್ಯ ಜೆಲಟಿನ್ ಎಂದು ಯಾರೋ ಊದಿದರು. ಎಲ್ಲವನ್ನೂ ಗುಳಿಗೆ ರೂಪದಲ್ಲೇ ಕೊಟ್ಟಳು. ಔಷಧದಲ್ಲಿ ಮಾಂಸ ಸಲ್ಲದು ಎಂದು ನೃಪತುಂಗನ ಆಸ್ಥಾನದಲ್ಲಿ ವಾದಿಸಿದನೆನ್ನಲಾದ ಉಗ್ರಾದಿತ್ಯನ ವಂಶ ನಮ್ಮದು, ಈ ತಕರಾರು ನಮಗೆ ಹೊಸತಲ್ಲ. ಆದರೆ ನನ್ನನ್ನು ಕಾಡಿದ್ದು ಬೇರೆ. ಓಡುವ ನಾಡಿಯೇ ಹೃದಯವನ್ನು ಕೆಡಿಸುತ್ತದೆ, ನಿಲ್ಲಿಸಿದರೆ ಅದು ಮರಳುತ್ತದೆ ಎಂಬುದು ಖಚಿತವಾದದ್ದು ಪ್ರಯೋಗಶಾಲೆಯ ಪ್ರಾಣಿಗಳಿಂದ. 1960ರ ದಶಕದಿಂದೀಚೆಗೆ ನಾಯಿ, ಹಂದಿಗಳಿಗೆ ಪೇಸ್‌ಮೇಕರ್ ಇಟ್ಟು ವಾರಗಟ್ಟಲೆ ಹೃದಯವನ್ನು ಓಡಿಸಿ, ಸೋಲಿಸಿ, ಮತ್ತೆ ಆ ಓಟ ನಿಲ್ಲಿಸಿ ನೋಡಿದ್ದಾರೆ. ಜೆಲಟಿನ್ ಸಿಪ್ಪೆ ಬೇಡವೆಂದ ಕೈ ಆ ಜ್ಞಾನವನ್ನು ಸ್ವೀಕರಿಸಿತು. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ದೊಡ್ಡಮ್ಮನಿಗೆ ಹೇಳಲೂ ಇಲ್ಲ.

ದೀಪಾವಳಿಯ ಹೊತ್ತಿಗೆ ಪಾದದ ನೀರು ಇಳಿದಿತ್ತು. ಮುಂದಿನ ಬೇಸಿಗೆಯ ಎಕೋದಲ್ಲಿ ಶೇ. 52. ಎಲ್ಲ ಹೃದಯಗಳೂ ಹೀಗೆ ಮರಳುವುದಿಲ್ಲ. ಕಲೆಗಟ್ಟಿದ್ದು, ವಂಶವಾಹಿಯಲ್ಲೇ ದೋಷವಿರುವುದು, ಬಹಳ ತಡವಾದದ್ದು ಮರಳದಿರಬಹುದು. ಇವರದು ಮರಳಿತು. ಕೂಡಲೇ ಮನೆಯಲ್ಲಿ ಎರಡನೆಯ ತತ್ತ್ವಚರ್ಚೆ: ವಾಸಿಯಾಯಿತಲ್ಲ, ಇನ್ನು ಈ ಮಾತ್ರೆಗಳೇಕೆ? ಪರಿಗ್ರಹ ಬಿಡಬೇಕಾದವರಿಗೆ ಮಾತ್ರೆಯ ಡಬ್ಬಿಯೂ ಪರಿಗ್ರಹವೇ ತಾನೇ?

ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯವರು ಇದೇ ಪ್ರಶ್ನೆಯನ್ನು ಪರೀಕ್ಷಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಹಿಗ್ಗಿದ ಹೃದಯ ಪೂರ್ತಿ ಸರಿಹೋಗಿ, ಯಾವ ಲಕ್ಷಣವೂ ಇಲ್ಲದಿದ್ದ 51 ಜನ. ಅವರಲ್ಲಿ 25 ಮಂದಿಯ ಹೃದಯದ ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಿದರು. ಆರು ತಿಂಗಳೊಳಗೆ 11 ಮಂದಿಗೆ ರೋಗ ಮರುಕಳಿಸಿತು. ಮಾತ್ರೆ ಮುಂದುವರಿಸಿದ 26 ಜನರಲ್ಲಿ ಒಬ್ಬರಿಗೂ ಇಲ್ಲ. ದೊಡ್ಡಮ್ಮನ ಕಾರಣ ಥೈರಾಯ್ಡಾದ್ದರಿಂದ ಲೆಕ್ಕ ಸ್ವಲ್ಪ ಬೇರೆ ಇರಬಹುದು ಎಂದಳು ಡಾಕ್ಟರು. ಆದರೂ ಒಮ್ಮೆ ಸೋತು ಎದ್ದ ಹೃದಯ, ನಾಡಿ ಮತ್ತೆ ಕೆಟ್ಟರೆ ಮೊದಲಿಗಿಂತ ಬೇಗ ಕುಸಿಯುವುದುಂಟು, ಆದ್ದರಿಂದ ನಾಡಿಯ ಮೇಲೆ, ಗ್ರಂಥಿಯ ಮೇಲೆ ಕಣ್ಣಿಟ್ಟಿರಬೇಕು ಎಂದಳು.

ನನಗೆ ಪೂಜ್ಯಪಾದರು ನೆನಪಾದರು. ಗಂಗರ ಕಾಲದ ಕನ್ನಡ ನಾಡಿನವರು. ವೈದ್ಯಗ್ರಂಥವನ್ನೂ ಬರೆದಿದ್ದರೆಂದು ಪರಂಪರೆ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ ಕಲ್ಯಾಣಕಾರಕ ಅವರದೇ ಎನ್ನುತ್ತಾರೆ. ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಅವರು ಉಪಶಮ ಮತ್ತು ಕ್ಷಯದ ವ್ಯತ್ಯಾಸವನ್ನು ಕೆಸರು ನೀರಿನಿಂದ ತೋರಿಸುತ್ತಾರೆ. ಚಿಲ್ಲದ ಬೀಜ ತೇಯ್ದು ಹಾಕಿದರೆ ಕೆಸರು ತಳಕ್ಕೆ ಇಳಿಯುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಅದು ಉಪಶಮ. ಆ ತಿಳಿನೀರನ್ನು ಶುದ್ಧವಾದ ಬೇರೆ ಪಾತ್ರೆಗೆ ಬಸಿದರೆ ಕೆಸರಿನ ಸುಳಿವೇ ಇಲ್ಲ. ಅದು ಕ್ಷಯ. ಕಣ್ಣಿಗೆ ಎರಡೂ ನೀರು ಒಂದೇ. ಶಾಸ್ತ್ರದಲ್ಲಿ ಈ ಉಪಶಮವನ್ನು ಹೇಳಿರುವುದು ಮೋಹ ಹುಟ್ಟಿಸುವ ಮೋಹನೀಯ ಕರ್ಮಕ್ಕೆ, ವೇದನೀಯಕ್ಕಲ್ಲ. ಪಂಡಿತರು ಬೈಯುವ ಮೊದಲೇ ಇದನ್ನು ಸಾಲ ಪಡೆದದ್ದೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕಷಾಯಗಳನ್ನು ಅದುಮಿಟ್ಟು ಹನ್ನೊಂದನೆಯ ಗುಣಸ್ಥಾನ ಏರಿದ ಮುನಿಯೂ ಅಲ್ಲಿ ನಿಲ್ಲಲಾರ, ಜಾರುತ್ತಾನೆ ಎಂದು ಅದೇ ಶಾಸ್ತ್ರ ಹೇಳುವಾಗ, ಶೇ. 52 ಬಂತೆಂದು ಮಾತ್ರೆ ಬಿಸಾಡುವ ಧೈರ್ಯ ಗೃಹಸ್ಥರಿಗೆ ಎಲ್ಲಿಂದ ಬರಬೇಕು? ಈ ವಾದ ಮಾತ್ರ ದೊಡ್ಡಮ್ಮನಿಗೆ ನಾಟಿತು. ಲ್ಯಾನ್ಸೆಟ್ಟಿನ ಅಂಕಿಗಳಿಗೆ ಅವರು ಆಕಳಿಸಿದ್ದರು.

2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರವನ್ನು, ಅಂದರೆ ಸಲ್ಲೇಖನವನ್ನು, ಆತ್ಮಹತ್ಯೆ ಎಂದಾಗ, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಾಗ, ನಾವೆಲ್ಲ ಬೀದಿಗಿಳಿದು ಮಾತಾಡಿದ್ದೇವೆ. ಸಲ್ಲೇಖನ ಆತ್ಮಹತ್ಯೆಯಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಹಾಗೆ ನಂಬುವವರ ಮೇಲೆಯೇ ಪ್ರತೀಕಾರವನ್ನು ಹುಡುಕುವ ಹೊಣೆ ಹೆಚ್ಚು. ದೊಡ್ಡಮ್ಮ ಮುಂದೊಂದು ದಿನ ಮತ್ತೆ ಕೇಳಬಹುದು. ಆಗ ಅಡ್ಡ ಬರುವವಳು ನಾನಲ್ಲ. ಸದ್ಯಕ್ಕೆ ಅವರು ಅಷ್ಟಮಿಯ ಉಪವಾಸದ ದಿನವೂ ಹಗಲು ಎರಡು ಹೊತ್ತು ಮಾತ್ರೆಗೆ ಬೇಕಾದಷ್ಟು ನೀರು ಕುಡಿಯುತ್ತಾರೆ. ಅದಕ್ಕೆ ಮುನಿಗಳ ಅನುಮತಿ ಪಡೆದಾಗಿದೆ.

ನಿಮ್ಮ ಮನೆಯಲ್ಲಿ ವ್ರತ ಹಿಡಿದ ಹಿರಿಯರಿದ್ದರೆ, ಅವರ ತೂಕ ಇಳಿಯುತ್ತಿದ್ದರೆ, ಕೂತಲ್ಲೇ ನಾಡಿ ನೂರು ದಾಟುತ್ತಿದ್ದರೆ ತಪಸ್ಸಿನ ಫಲ ಎಂದು ಕೈಮುಗಿದು ಸುಮ್ಮನಾಗಬೇಡಿ. ಒಂದು ಇಸಿಜಿ, ಒಂದು ಟಿಎಸ್‌ಎಚ್ ಮಾಡಿಸಿ. ಬೆಳಿಗ್ಗೆಯೇ ಮುಗಿಯುತ್ತದೆ, ಯಾವ ವ್ರತಕ್ಕೂ ಅದರಿಂದ ಭಂಗವಿಲ್ಲ.